ಹಸು, ಕೂಸು ಮತ್ತು ತಿದ್ದುಪಡಿ

ಸರ್ಕಾರದ ಆ ಸುತ್ತೋಲೆ ಕೊಟ್ಟಿಗೆಹಾರ ತಲುಪುವಷ್ಟರಲ್ಲಿ ಅದರೊಳಗೆ ಒಂದು ಹಸು ಸೇರಿಕೊಂಡಿತ್ತು. ಹೊರಡುವಾಗ ಇರಲಿಲ್ಲವಂತೆ. ಮೂಲ ಆದೇಶದಲ್ಲಿ ‘ಹಸುಗೂಸು ಇರುವ ತಾಯಂದಿರಿಗೆ ಪೌಷ್ಟಿಕ ಆಹಾರ ನೀಡತಕ್ಕದ್ದು’ ಎಂದಿತ್ತು. ಅದನ್ನು ಮೇಲಿನ ಕಚೇರಿಯವರು ಮಳೆಗಾಲದ ಫೋನಿನಲ್ಲಿ ಓದಿ ಹೇಳಿದರು, ನಮ್ಮ ಕಚೇರಿಯ ಟೈಪಿಸ್ಟ್ ಗುರುವಯ್ಯ ಕೇಳಿಸಿಕೊಂಡು ಟೈಪ್ ಮಾಡಿದ. ಫೋನಿನಲ್ಲಿ ಮಾತಿಗಿಂತ ಕರಕರ ಸದ್ದೇ ಹೆಚ್ಚು. ಅದೂ ಅಲ್ಲದೆ ಆ ವರ್ಷ ಬಡವರಿಗೆ ಹಸು ಕೊಳ್ಳಲು ಸಾಲ ಕೊಡುತ್ತಿದ್ದರಾದ್ದರಿಂದ ಗುರುವಯ್ಯ ಬೆಳಗಿನಿಂದ ಸಂಜೆಯವರೆಗೆ ಹಸುವನ್ನೇ ಟೈಪ್ ಮಾಡುತ್ತಿದ್ದ. ಹಾಗಾಗಿ ನಮಗೆ ಬಂದದ್ದು ‘ಹಸು, ಕೂಸು ಇರುವ ತಾಯಂದಿರಿಗೆ’ ಎಂದು. ನಡುವೆ ಚೆಂದದ ಒಂದು ಅಲ್ಪವಿರಾಮವನ್ನೂ ಹಾಕಿದ್ದ.

ನಾನು ತುಂಗಮ್ಮ, ಎಂಬತ್ತಮೂರರಲ್ಲಿ ಅಲ್ಲಿನ ಅಂಗನವಾಡಿ ಟೀಚರ್. ನನ್ನ ಬಾಯಿ ದೊಡ್ಡದು ಎಂದು ಊರೆಲ್ಲ ಹೇಳುತ್ತಿತ್ತು. ಸಂಬಳ ಅಷ್ಟು ಚಿಕ್ಕದಾಗಿರುವಾಗ ಏನಾದರೊಂದು ದೊಡ್ಡದಿರಲಿ ಎಂದು ನಾನೂ ಸುಮ್ಮನಿದ್ದೆ. ಸುತ್ತೋಲೆ ಓದಿದ ಕೂಡಲೇ ಇದು ತಪ್ಪು ಎಂದು ಸೂಪರ್‌ವೈಸರ್ ಓಂಕಾರಮೂರ್ತಿಯವರಿಗೆ ಹೇಳಿದೆ. ಅವರು ಬಯಲುಸೀಮೆಯವರು. ಕೊಡೆ ಇದ್ದರೂ ಸದಾ ಒದ್ದೆ, ಆದರೆ ಫೈಲು ಮಾತ್ರ ಪ್ಲಾಸ್ಟಿಕ್ ಕವರಿನೊಳಗೆ ಒಣಗಿ ಗರಿಗರಿ. ಕೆಟ್ಟ ಮನುಷ್ಯರಲ್ಲ. ಕೆಟ್ಟವರಾಗಿದ್ದರೆ ಎರಡು ಕೆ.ಜಿ. ಕಾಫಿಪುಡಿಯಲ್ಲಿ ಕೆಲಸ ಮುಗಿಯುತ್ತಿತ್ತು. ಅವರು ನಿಯಮದ ಮನುಷ್ಯರು. ಹಸು ಇದ್ದರೆ ಹಾಲು, ಹಾಲು ಇದ್ದರೆ ಪೌಷ್ಟಿಕತೆ, ಅದರ ಜೊತೆ ಸರ್ಕಾರ ಕೊಡುವ ಹಿಟ್ಟೂ ಸೇರಿದರೆ ಪೂರ್ಣ ಪೌಷ್ಟಿಕತೆ, ಸರ್ಕಾರ ಯೋಚಿಸಿಯೇ ಮಾಡಿರುತ್ತದೆ ಎಂದು ನನಗೇ ಪಾಠ ಹೇಳಿದರು. ಹಿಟ್ಟಿನ ಮೂಟೆಗಳನ್ನು ಎಣಿಸಿ, ಹಸು ಇಲ್ಲದವರಿಗೆ ಒಂದು ಚಮಚ ಹೋದರೂ ನನ್ನ ಕೆಲಸ ಹೋಗುತ್ತದೆ ಎಂದು ಹೇಳಿ ಬಸ್ಸು ಹತ್ತಿದರು.

ಇದರಿಂದ ಮೊದಲು ಏಟು ಬಿದ್ದದ್ದು ರಹೀಮಾಗೆ. ಅವಳ ಗಂಡ ಶಂಶುದ್ದೀನ್ ಜಂಕ್ಷನ್ನಿನಲ್ಲಿ ಪಂಕ್ಚರ್ ಅಂಗಡಿ ಇಟ್ಟುಕೊಂಡಿದ್ದ. ಆ ಮಳೆಗಾಲ ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಜರಿದು ರಸ್ತೆ ಬಂದ್ ಆಗಿತ್ತು. ಘಟ್ಟದ ಮೇಲಿನ ಊರುಗಳ ಒಂದೆರಡು ಬಸ್ಸು ಬಿಟ್ಟರೆ ಲಾರಿ ಇಲ್ಲ, ಕಾರಿಲ್ಲ, ಪಂಕ್ಚರ್ ಎಲ್ಲಿಂದ ಬರಬೇಕು? ಶಂಶುದ್ದೀನ್ ದಿನವಿಡೀ ಸೈಕಲ್ ಪಂಪನ್ನು ಬಿಚ್ಚುವುದು, ಜೋಡಿಸುವುದು ಮಾಡುತ್ತಿದ್ದ. ರಹೀಮಾ ಆಗಷ್ಟೇ ಹೆತ್ತು ತವರಿನಿಂದ, ಕಳಸದ ಕಡೆಯಿಂದ, ಬಂದಿದ್ದಳು. ಮಗು ಹೆಣ್ಣು. ಅಳುವುದಕ್ಕೂ ಶಕ್ತಿಯಿಲ್ಲದೆ ಬೆಕ್ಕಿನ ಮರಿಯ ಹಾಗೆ ಕುಂಯ್ ಎನ್ನುತ್ತಿತ್ತು. ತಾಯಿ ಹೊಟ್ಟೆಗೆ ಬಿದ್ದರೆ ತಾನೇ ಎದೆಯಲ್ಲಿ ಹಾಲು? ಅವಳು ಗಂಜಿ ಕುಡಿದು ದಿನ ಕಳೆಯುತ್ತಿದ್ದಳು. ನನ್ನ ಕೋಣೆಯಲ್ಲಿ ಮೂಟೆಗಟ್ಟಲೆ ಹಿಟ್ಟು. ನಡುವೆ ಅಡ್ಡ ನಿಂತಿದ್ದು ಇಲ್ಲದ ಒಂದು ಹಸು. ನನಗೆ ಮೈ ಉರಿಯಿತು.

ಹಸುವಿದ್ದವರು ಹಿಟ್ಟು ಒಯ್ದರು ಎನ್ನಿ. ಕಾಫಿ ತೋಟದ ಸುಬ್ಬಣ್ಣನವರ ಹೆಂಡತಿ ಶಂಕರಮ್ಮನವರ ಮಗಳು ಬಾಣಂತನಕ್ಕೆ ಬಂದಿದ್ದಳು, ಕೊಟ್ಟಿಗೆ ತುಂಬ ಹಸು. ನಿಯಮದ ಪ್ರಕಾರ ಜಿಲ್ಲೆಯಲ್ಲಿ ಅವರಿಗಿಂತ ಅರ್ಹರು ಸಿಗುವುದಿಲ್ಲ. ಹಿಟ್ಟು ಹೇಗಿದೆ ಎಂದು ಕೇಳಲು ಹೋದರೆ ಶಂಕರಮ್ಮನವರು ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟರು. ಮಗಳು ಒಂದು ತುತ್ತು ತಿಂದು ಉಗಿದಳಂತೆ. ಕೆಂಪಿಗೆ ಕಲಗಚ್ಚಿನ ಜೊತೆ ಕಲಸಿ ಕೊಟ್ಟರೆ ಬಾನಿ ನೆಕ್ಕಿ ಖಾಲಿ ಮಾಡಿತಂತೆ. ಕೆಂಪಿ ಎಂದರೆ ಅವರ ಹಸು. ಹಾಲೂ ಹೆಚ್ಚು ಕೊಡುತ್ತಿದೆ, ಸರ್ಕಾರದವರಿಗೆ ನಮಸ್ಕಾರ ಹೇಳಿ ಎಂದರು.

ನಾನು ಅಲ್ಲೇ ಜಗಲಿಯಲ್ಲಿ ಕೂತು ಜಗಳ ತೆಗೆದೆ. ಬಾಣಂತಿ ತಿನ್ನಬೇಕಾದ್ದನ್ನು ಹಸು ತಿನ್ನುತ್ತಿದೆ, ಇನ್ನೊಬ್ಬ ಬಾಣಂತಿ ಹಸುವಿಲ್ಲ ಎಂದು ಉಪವಾಸ ಇದ್ದಾಳೆ ಎಂದೆ. ಶಂಕರಮ್ಮನವರಿಗೆ ಗೊತ್ತೇ ಇರಲಿಲ್ಲ. ಹಿಟ್ಟು ಉಳಿದದ್ದೆಂದು ಕೊಡುತ್ತಿದ್ದಾರೆ ಎಂದುಕೊಂಡಿದ್ದರಂತೆ. ಕೊಟ್ಟಿಗೆಯ ಕಡೆ ನೋಡಿ, ‘ಹಸು ಇದ್ರೆ ಸಾಕಾ ಟೀಚರೇ? ಹಂಗಾದ್ರೆ ಕೆಂಪಿನ ಹೊಡ್ಕೊಂಡು ಹೋಗಿ’ ಎಂದರು. ಒಳಗಿನಿಂದ ಸುಬ್ಬಣ್ಣನವರು ಆಕ್ಷೇಪ ಎತ್ತಿದರು. ಸರ್ಕಾರ ಒಂದು ಸಲ ರಹೀಮಾಳ ಹಸು ಎಂದು ಬರೆದುಕೊಂಡರೆ ಆಮೇಲೆ ಬ್ರಹ್ಮ ಬಂದರೂ ತನ್ನದೆಂದು ಸಾಬೀತು ಮಾಡಲಾಗದು ಎಂಬುದು ಅವರ ಭಯ. ಅವರ ಭಯದಲ್ಲಿ ತಪ್ಪೇನಿರಲಿಲ್ಲ. ಆದರೆ ಆ ಮನೆಯಲ್ಲಿ ಅವರ ಮಾತು ನಡೆದದ್ದು ನಾನಂತೂ ನೋಡಿಲ್ಲ.

ಓಂಕಾರಮೂರ್ತಿಯವರು ಯಾರ ಮನೆಯಲ್ಲಿ ಹಸುವಿದೆ ಎಂದು ತನಿಖೆಗೆ ಬಂದ ದಿನ ಕೆಂಪಿ ಪಂಕ್ಚರ್ ಅಂಗಡಿಯ ಕಂಬಕ್ಕೆ ಕಟ್ಟಿಸಿಕೊಂಡು ಹಳೇ ಟಯರುಗಳ ನಡುವೆ ಮಹಾರಾಣಿಯ ಹಾಗೆ ನಿಂತಿತ್ತು. ಕಿವಿಯಲ್ಲಿ ಬ್ಯಾಂಕಿನವರು ಹೊಡೆದ ಬಿಲ್ಲೆ ಇತ್ತು, ಸುಬ್ಬಣ್ಣನವರೂ ಬಡವರ ಸಾಲದಲ್ಲೇ ಅದನ್ನು ಕೊಂಡಿದ್ದು. ಅದು ಕಾಣದಿರಲಿ ಎಂದು ಅರಿಸಿನ ಬಟ್ಟೆ ಸುತ್ತಿ, ಕಿವಿಗೆ ಹುಣ್ಣಾಗಿದೆ ಎಂದೆ. ಹಸುವಿನ ಹೆಸರೇನು ಎಂದು ಕೇಳಿದರು. ರಹೀಮಾ ಕೆಂಪಿ ಎಂದಳು, ಅದೇ ಹೊತ್ತಿಗೆ ಶಂಶುದ್ದೀನ್ ಗುಲಾಬಿ ಎಂದ. ಗಂಡ ಕರೆಯುವುದು ಒಂದು, ಹೆಂಡತಿ ಕರೆಯುವುದು ಇನ್ನೊಂದು, ನಿಮ್ಮ ಮನೆಯಲ್ಲೂ ಹಾಗೇ ಅಲ್ಲವಾ ಸಾರ್ ಎಂದು ನಾನು ನಡುವೆ ಬಾಯಿ ಹಾಕಿದೆ. ಅವರು ‘ಕೆಂಪಿ ಉರುಫ್ ಗುಲಾಬಿ’ ಎಂದು ಬರೆದುಕೊಂಡರು. ಅಲ್ಲಿಂದ ಕೂಲಿಯವರ ಕಾಲೋನಿಗೆ ಹೊರಟರು. ನಾನು ಟೀ ಕುಡಿಸಿ ತಡ ಮಾಡಿದೆ, ಅಷ್ಟರಲ್ಲಿ ಕೆಂಪಿ ಒಳದಾರಿಯಲ್ಲಿ ಕಾಲೋನಿ ಸೇರಿ ಇನ್ನೊಬ್ಬ ಬಾಣಂತಿಯ ಅಂಗಳದಲ್ಲಿ ಹುಲ್ಲು ಮೇಯುತ್ತಿತ್ತು. ಅಲ್ಲಿಂದ ಮತ್ತೊಂದು ಅಂಗಳಕ್ಕೆ. ಮಲೆನಾಡಿನ ಹಸುಗಳಿಗೆಲ್ಲ ಕಿವಿ ಹುಣ್ಣು ಬರುತ್ತದೆಯೇ ಎಂದು ಓಂಕಾರಮೂರ್ತಿಯವರು ಕೇಳಿದರು. ಮಳೆ ಜಾಸ್ತಿ ಸಾರ್ ಎಂದೆ.

ಹೀಗೆ ರಹೀಮಾಗೆ ಹಿಟ್ಟು ಸಿಕ್ಕಿತು. ಬೆಲ್ಲ ಹಾಕಿ ಅಂಬಲಿ ಮಾಡಿ ಕುಡಿದಳು. ಕೆಲವೇ ದಿನಕ್ಕೆ ಮಗುವಿನ ದನಿ ರಸ್ತೆಯ ಆಚೆಗೆ ಕೇಳುವಂತಾಯಿತು. ನನಗೆ ಅಷ್ಟು ಸಂತೋಷವಾಗಿದ್ದು ನನ್ನ ಸ್ವಂತ ಮಕ್ಕಳು ಪಾಸಾದಾಗಲೂ ಇಲ್ಲ.

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಸುತ್ತೋಲೆ ತಪ್ಪಾಗಿದೆ, ತಿದ್ದಿ ಎಂದು ನಾನು ಮೊದಲೇ ಮೇಲಿನ ಕಚೇರಿಗೆ ಕಾಗದ ಹಾಕಿದ್ದೆ. ಮಳೆ ಕಡಿಮೆಯಾಗುವ ಹೊತ್ತಿಗೆ ಸರ್ಕಾರಕ್ಕೆ ಎಚ್ಚರವಾಗಿ ತಿದ್ದುಪಡಿ ಬಂತು. ಅದರಲ್ಲಿ ಒಂದೇ ಸಾಲು: ‘ಸದರಿ ಸುತ್ತೋಲೆಯಲ್ಲಿ ಹಸು ಎಂಬಲ್ಲಿ ಹಸುಗೂಸು ಎಂದು ಓದಿಕೊಳ್ಳತಕ್ಕದ್ದು.’ ನಾನು ಗೆದ್ದೆ ಎಂದು ಹಳೇ ಸುತ್ತೋಲೆ ತೆಗೆದು ಓದಿಕೊಂಡೆ. ‘ಹಸುಗೂಸು, ಕೂಸು ಇರುವ ತಾಯಂದಿರಿಗೆ’ ಎಂದಾಯಿತು. ಹಸುವನ್ನು ತೆಗೆದವರು ಕೂಸನ್ನು ಅಲ್ಲೇ ಬಿಟ್ಟಿದ್ದರು.

ಓಂಕಾರಮೂರ್ತಿಯವರು ಅರ್ಥ ಬಿಡಿಸಿ ಹೇಳಿದರು. ಇನ್ನು ಹಸು ಬೇಕಿಲ್ಲ. ಎದೆಹಾಲು ಕುಡಿಯುವ ಹಸುಗೂಸು ಒಂದು, ಅದಕ್ಕಿಂತ ದೊಡ್ಡ ಕೂಸು ಒಂದು, ಎರಡೂ ಇರಬೇಕು. ತಾಯಿಗೆ ಒಂದು ಪಾಲು, ಕೂಸಿಗೆ ಒಂದು ಪಾಲು. ಒಂದೇ ಮಗುವಿನ ತಾಯಿಗೆ ಇಲ್ಲ. ಅತ್ತ ಇನ್ನೊಂದು ಇಲಾಖೆಯವರು ಮಕ್ಕಳು ಸಾಕು ಎಂದು ಗೋಡೆ ಗೋಡೆಗೆ ಕೆಂಪು ತ್ರಿಕೋನ ಬರೆಯುತ್ತಿದ್ದಾರೆ, ಇತ್ತ ನೀವು ಒಂದು ಸಾಲದು ಅನ್ನುತ್ತೀರಲ್ಲ ಎಂದು ಕೇಳಿದೆ. ಅದು ಬೇರೆ ಇಲಾಖೆ ಎಂದರು.

ರಹೀಮಾಳ ಹಿಟ್ಟು ಮತ್ತೆ ನಿಂತಿತು. ಘಾಟಿ ಇನ್ನೂ ತೆರೆದಿರಲಿಲ್ಲ. ಮಗು ಮತ್ತೆ ಕುಂಯ್ ಎನ್ನತೊಡಗಿತು. ಹಸುವನ್ನೇ ಕಡ ತಂದ ನನಗೆ ಮಗು ಯಾವ ಲೆಕ್ಕ? ಅಂಗನವಾಡಿಯ ತುಂಬ ಮಕ್ಕಳೇ ಇದ್ದವು, ತಾಯಂದಿರೂ ಒಪ್ಪಿದರು. ಗುಂಡುಗುಂಡಗಿನ ಒಂದು ಹುಡುಗಿಯನ್ನು ಎತ್ತಿಕೊಂಡು, ತನಿಖೆಯ ಹಿಂದಿನ ದಿನ ರಹೀಮಾಳ ಮನೆಗೆ ಹೋದೆ. ನಾಳೆ ಒಂದು ಗಂಟೆ ಇವಳನ್ನು ನಿನ್ನ ಮಗಳು ಎಂದು ಹೇಳಿದರೆ ಸಾಕು, ಮಿಠಾಯಿ ಕೊಟ್ಟರೆ ಇವಳು ಯಾರನ್ನು ಬೇಕಾದರೂ ಅಮ್ಮ ಅನ್ನುತ್ತಾಳೆ ಎಂದು ನಗುತ್ತಾ ಹೇಳಿದೆ.

ರಹೀಮಾ ನಗಲಿಲ್ಲ. ಆ ಹುಡುಗಿಯ ಕೂದಲು ಸವರಿ, ವಾಪಸು ನನ್ನ ಕೈಗೇ ಕೊಟ್ಟಳು.

‘ಹಸು ನಂದು ಅಂತ ಹೇಳಿದ್ದೆ ಟೀಚರ್, ಅದು ಆಯ್ತು. ಇದು ಹೇಳ್ಲಿಕ್ಕೆ ಆಗುದಿಲ್ಲ. ನಂಗೆ ದೊಡ್ಡ ಮಗಳು ಇದ್ದಾಳೆ.’

ಇದ್ದಳು. ಮರಿಯಂ ಎಂದು ಹೆಸರು. ಎರಡು ವರ್ಷದ ಹಿಂದೆ ಕಳಸದ ಹತ್ತಿರ, ಇವರು ಇಲ್ಲಿಗೆ ಬರುವ ಮೊದಲು, ಹುಟ್ಟಿ ಒಂದು ಮಳೆಗಾಲ ಕಳೆಯುವುದರೊಳಗೆ ಹೋಗಿದ್ದಳು. ಜ್ವರ ಗಿರ ಏನೂ ಇರಲಿಲ್ಲ, ಹಾಲು ಸಾಲದೆ ಸಣ್ಣಗಾಗುತ್ತಾ ಹೋದಳು ಎಂದು ರಹೀಮಾ ಹೇಳಿದಳು. ನಾನು ಆ ಹುಡುಗಿಯನ್ನು ಕೆಳಗಿಳಿಸಿದೆ. ಇಷ್ಟು ದಿನ ನಾನು ಹಸುವಿನ ತಮಾಷೆ ಮಾಡಿಕೊಂಡು ಓಡಾಡುತ್ತಿದ್ದರೆ, ಇವಳು ಇದೇ ದಾರಿಯಲ್ಲಿ ಎರಡನೇ ಸಲ ನಡೆಯುತ್ತಿದ್ದಳು. ನನಗೆ ಸರ್ಕಾರದ ಮೇಲೆ, ಗುರುವಯ್ಯನ ಮೇಲೆ, ಆ ಅಲ್ಪವಿರಾಮದ ಮೇಲೆ ಎಷ್ಟು ಸಿಟ್ಟು ಬಂತೆಂದರೆ ರಾತ್ರಿ ಊಟ ಸೇರಲಿಲ್ಲ.

ಮರುದಿನ ಓಂಕಾರಮೂರ್ತಿಯವರು ಪಂಕ್ಚರ್ ಅಂಗಡಿಯ ಬೆಂಚಿನ ಮೇಲೆ ಕೂತು ಫೈಲು ಬಿಚ್ಚಿದರು. ಎಷ್ಟು ಮಕ್ಕಳು ಎಂದು ಕೇಳಿದರು. ಇಬ್ಬರು ಎಂದಳು ರಹೀಮಾ. ಹಸುಗೂಸು ಅವಳ ತೊಡೆಯ ಮೇಲೇ ಇತ್ತು. ಕೂಸು ಎಲ್ಲಿ ಎಂದು ಅವರು ಒಳಗೆ ಇಣುಕಿದರು.

‘ಕಳಸದಲ್ಲಿ, ಮಸೀದಿ ಹಿಂದೆ. ಮಣ್ಣಲ್ಲಿ ಇದ್ದಾಳೆ’ ಎಂದಳು.

ಓಂಕಾರಮೂರ್ತಿಯವರ ಪೆನ್ನು ಅಲ್ಲೇ ನಿಂತಿತು. ಪಾಪ, ಅವರಿಗೂ ಏನು ಮಾಡುವುದೆಂದು ತಿಳಿಯಲಿಲ್ಲ. ಮೆಲ್ಲಗೆ, ನಿಯಮದಲ್ಲಿ ಕೂಸು ‘ಇರುವ’ ಎಂದಿದೆಯಮ್ಮ ಎಂದರು.

‘ಜೀವಂತ ಇರುವ ಅಂತ ಎಲ್ಲಿ ಬರ್ದಿದೆ ಸಾರ್? ತೋರ್ಸಿ’ ಎಂದೆ ನಾನು.

ಅವರು ಸುತ್ತೋಲೆ ತೆಗೆದು ಓದಿದರು. ತಿದ್ದುಪಡಿ ತೆಗೆದು ಓದಿದರು. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಮತ್ತೆ ಓದಿದರು. ಎಲ್ಲೂ ಬರೆದಿರಲಿಲ್ಲ. ನಿಯಮದಲ್ಲಿ ಇಲ್ಲದ್ದನ್ನು ತಾವಾಗಿ ಸೇರಿಸುವ ಮನುಷ್ಯ ಅವರಲ್ಲ. ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿಕೊಂಡು, ಮಗುವಿನ ಹೆಸರು ಹೇಳಮ್ಮ ಎಂದರು. ಮರಿಯಂ ಎಂದಳು. ಬರೆದುಕೊಂಡು ಅದರ ಮುಂದೆ ಸರಿ ಗುರುತು ಹಾಕಿದರು. ಹೋಗುವಾಗ ನನ್ನ ಮುಖ ನೋಡಲಿಲ್ಲ.

ಅಲ್ಲಿಂದ ಪ್ರತಿ ವಾರ ರಹೀಮಾ ಎರಡು ಪಾತ್ರೆ ತರುತ್ತಿದ್ದಳು. ಒಂದು ದೊಡ್ಡದು, ತನ್ನ ಪಾಲಿಗೆ. ಇನ್ನೊಂದು ಚಿಕ್ಕ ಅಲ್ಯೂಮಿನಿಯಂ ಟಿಫಿನ್ನು, ಮರಿಯಂ ಪಾಲಿಗೆ. ಎರಡನ್ನೂ ಒಂದರಲ್ಲೇ ಹಾಕಿಸಿಕೋ, ಹೊರುವುದಕ್ಕೆ ಸುಲಭ ಎಂದು ನಾನೊಮ್ಮೆ ಹೇಳಿದೆ. ಬೇಡ ಎಂದಳು. ಅಕ್ಕನ ಪಾಲನ್ನು ತಾನೇ ತಿಂದು ತಂಗಿಗೆ ಹಾಲು ಕುಡಿಸುತ್ತಿದ್ದಳು. ಮಗು ಮೈಕೈ ತುಂಬಿಕೊಂಡು ಕೆನ್ನೆ ಉಬ್ಬಿಸಿ ನಗಲು ಶುರು ಮಾಡಿತು. ಶಂಶುದ್ದೀನ್ ಅದನ್ನು ಟಯರಿನೊಳಗೆ ಕೂರಿಸಿ ಆಡಿಸುತ್ತಿದ್ದ.

ದೀಪಾವಳಿಯ ಹೊತ್ತಿಗೆ ಘಾಟಿ ರಸ್ತೆ ತೆರೆಯಿತು, ಲಾರಿಗಳು ಬಂದವು, ಪಂಕ್ಚರ್‌ಗಳೂ ಬಂದವು. ಅದೇ ವಾರ ಎರಡನೇ ತಿದ್ದುಪಡಿಯೂ ಬಂತು. ಈ ಸಲ ಯಾರೋ ಬುದ್ಧಿವಂತರು ಕೂತು ಬರೆದಿದ್ದರು. ‘ಹಸುಗೂಸು ಇರುವ ತಾಯಂದಿರಿಗೆ ಮಾತ್ರ’ ಎಂದಿತ್ತು. ಕೂಸು ಎಂಬ ಪದ, ಅದರ ಪಾಲು ಸಮೇತ, ರದ್ದು. ತಪ್ಪು ಸಿಗಬಹುದೇ ಎಂದು ನಾನು ಅದನ್ನು ತಿರುಗಿಸಿ ತಿರುಗಿಸಿ ಓದಿದೆ. ಒಂದೂ ಇರಲಿಲ್ಲ. ಕಾಗದ ಕೊಡಲು ಬಂದಿದ್ದ ಓಂಕಾರಮೂರ್ತಿಯವರು, ಕೊನೆಗೂ ನೀವು ಕೇಳಿದಂತೆಯೇ ಆಯಿತಲ್ಲ ಎಂದರು. ಹೌದು, ನಾನು ಕೇಳಿದ್ದು ಅದನ್ನೇ.

ರಹೀಮಾ ಬಂದಾಗ ಅವರಿನ್ನೂ ಅಲ್ಲೇ ಕೂತಿದ್ದರು. ಇಬ್ಬರೂ ಹೇಳುವ ಕೆಲಸವನ್ನು ಒಬ್ಬರ ಮೇಲೊಬ್ಬರು ಹಾಕಲು ನೋಡಿದೆವು. ಕಡೆಗೆ ನಾನೇ ಹೇಳಿದೆ. ನಿಯಮ ಸರಿಯಾಗಿದೆ, ಒಂದು ಮಗುವಿದ್ದರೂ ಸಾಕು, ಇನ್ನು ಮುಂದೆ ಯಾರೂ ನಿನ್ನ ಪಾಲು ನಿಲ್ಲಿಸುವುದಿಲ್ಲ ಎಂದೆಲ್ಲ ಹೇಳಿ, ಮರಿಯಂ ಹೆಸರು ತೆಗೆಯಬೇಕಾಗುತ್ತದೆ ಎಂದೆ.

ಅವಳು ಕೈಯಲ್ಲಿದ್ದ ಟಿಫಿನ್ನಿನ ಮುಚ್ಚಳವನ್ನು ಹಾಕಿದಳು, ತೆಗೆದಳು.

‘ಹಂಗಾದ್ರೆ ನಂಗೆ ಮತ್ತೆ ಒಂದೇ ಮಗುವಾ ಟೀಚರ್?’

ಓಂಕಾರಮೂರ್ತಿಯವರು ಎದ್ದು, ನನ್ನ ಕೈಯಲ್ಲಿದ್ದ ಅಳತೆ ಪಾವನ್ನು ತೆಗೆದುಕೊಂಡು, ಮೂಟೆಯಿಂದ ಹಿಟ್ಟು ಮೊಗೆದು ಅವಳ ಟಿಫಿನ್ನಿಗೆ ಕಂಠಮಟ್ಟ ತುಂಬಿದರು. ತಿದ್ದುಪಡಿ ತಮಗೆ ಇನ್ನೂ ತಲುಪಿಲ್ಲ ಎಂದು ನನಗೆ ಹೇಳಿ, ಕೊಡೆ ಬಿಡಿಸಿಕೊಂಡು ಬಸ್ಸಿಗೆ ಹೋದರು.