ಅಕ್ಕ ಆರಿಸಿಕೊಟ್ಟ ಬ್ಯಾಗು

ರಂಗಂಪೇಟೆಯ ಆ ಮನೆಯ ಸೊಸೆಯಂದಿರಿಬ್ಬರೂ ಮಧ್ಯಾಹ್ನದ ಪಾತ್ರೆ ತೊಳೆದಿಟ್ಟು ಬಂದೂಕು ಹಿಡಿಯುತ್ತಾರೆ ಎಂದರೆ ಓಣಿಯವರು ನಂಬಲಿಕ್ಕಿಲ್ಲ. ನಂಬದಿದ್ದರೆ ಅವರ ಹಣೆಬರಹ. ಹಿರಿಯವಳು ಪರಿಮಳಾ, ಕಿರಿಯವಳು ಮೌನಿಕಾ, ಬಂದೂಕು ಮೊಬೈಲಿನೊಳಗಿನದು. ಪಾಳು ಊರುಗಳಿಗೆ ನುಗ್ಗಿ ವೈರಿಗಳನ್ನು ಹೊಡೆದುರುಳಿಸುವುದು, ಅವರು ಬೀಳಿಸಿಹೋದ ಗನ್ನು, ಹೆಲ್ಮೆಟ್ಟು, ಗುಂಡು ತಡೆಯುವ ವೆಸ್ಟುಗಳನ್ನು ಬಾಚಿಕೊಳ್ಳುವುದು, ಇದೇ ಆಟ. ಬಾಚಿಕೊಳ್ಳಲು ಮಿತಿಯಿಲ್ಲ, ಇಟ್ಟುಕೊಳ್ಳಲು ಮಾತ್ರ ಬ್ಯಾಗಿನಲ್ಲಿ ನಲವತ್ತೇ ಜಾಗ. ನಲವತ್ತೊಂದನೆಯದು ಬಂತೋ, ಯಾವುದಾದರೂ ಒಂದನ್ನು ಬಿಡಲೇಬೇಕು.

ಯಾವುದನ್ನು ಬಿಡುವುದು ಎಂದು ಮೌನಿಕಾ ತಾನಾಗಿ ತೀರ್ಮಾನಿಸಿದ್ದೇ ಇಲ್ಲ. ಅದಕ್ಕೆ ಕಾರಣ ಸೀರೆಗಳು. ಒಂದು ವರ್ಷದ ಕೆಳಗೆ ಅವಳ ಮದುವೆಯಾದ ವಾರ ಆಯೇರಿಯಾಗಿ, ಅಂದರೆ ಉಡುಗೊರೆಯಾಗಿ, ಬಂದ ಸೀರೆಗಳ ಗಂಟು ಬಿಚ್ಚಿದ್ದರು. ಉಡುವುದು ಯಾವುದು, ಮುಂದೆ ಬೇರೆಯವರಿಗೆ ಆಯೇರಿ ಮಾಡುವುದು ಯಾವುದು ಎಂದು ಆ ಮನೆಯಲ್ಲಿ ಹಿರಿಸೊಸೆ ಆರಿಸಬೇಕು. ಕಿರಿಯವಳು ಪಕ್ಕದಲ್ಲಿ ಕೂತು ತಲೆಯಾಡಿಸಬೇಕು. ಸೆರಗು ಬಿಚ್ಚಿ ನೋಡಿದರೂ ಹಿರಿಯವಳನ್ನು ಅನುಮಾನಿಸಿದಂತೆ. ಅವತ್ತು ಪರಿಮಳಾ ಒಳ್ಳೊಳ್ಳೆಯ ಸೀರೆಗಳನ್ನೇ ಕಿರಿಯವಳ ಕಡೆ ಸರಿಸಿದ್ದಳು. ಅಂದಿನಿಂದ ಅಕ್ಕ ಆರಿಸಿದ್ದೆಂದರೆ ಮೌನಿಕಾಳಿಗೆ ಮಾತು ಮುಗಿದಂತೆ. ಆಟ ಕಲಿಸಿದವಳೂ ಅಕ್ಕನೇ. ಬ್ಯಾಗಿನ ತೀರ್ಮಾನವೂ ಅವಳ ಕೈಗೇ ಹೋಯಿತು.

ಹೋದ ತಿಂಗಳು ಹೊಸ ಸುದ್ದಿ ಬಂತು. ಶಹಾಪುರದಲ್ಲಿ ಮೊಬೈಲ್ ರಿಪೇರಿ ಮಾಡುವ ಗುಡ್ಡು ಎಂಬಾತನ ನಾಲ್ವರ ಟೀಮಿನಲ್ಲಿ ಒಂದು ಜಾಗ ಖಾಲಿಯಿತ್ತು. ಭಾನುವಾರ ಆಡಿಸಿ ನೋಡಿ ಒಬ್ಬರನ್ನು ತೆಗೆದುಕೊಳ್ಳುತ್ತೇನೆ ಎಂದ. ಇಬ್ಬರೂ ಹೆಸರು ಕೊಟ್ಟರು. ಹೈಸ್ಕೂಲಿನ ಖೋ ಖೋ ಟೀಮಿಗೆ ಆರಿಸಿದ್ದೇ ಕೊನೆ, ಆಮೇಲೆ ಮೌನಿಕಾಳನ್ನು ಯಾರೂ ಯಾವುದಕ್ಕೂ ಆರಿಸಿರಲಿಲ್ಲ. ಹೆಣ್ಣು ನೋಡಲು ಬಂದವರನ್ನು ಲೆಕ್ಕಕ್ಕೆ ಹಿಡಿಯಬಾರದು. ಆ ಜಾಗ ಅವಳಿಗೆ ಬೇಕಿತ್ತು, ಬೇಕೇ ಬೇಕಿತ್ತು.

ಆ ವಾರವೇ ಅವಳಿಗೊಂದು ಬೂದು ಬಣ್ಣದ ವೆಸ್ಟು ಸಿಕ್ಕಿತು. ಬ್ಯಾಗು ತುಂಬಿತ್ತು. ಎಂದಿನಂತೆ ಮೊಬೈಲನ್ನು ಅಕ್ಕನ ಮುಂದೆ ಹಿಡಿದಳು.

"ತಾಕತ್ತಿನ ನಂಬರ್ ನೋಡವಾ, ಇನ್ನೂರಾ ಹನ್ನೆರಡು," ಎಂದಳು ಪರಿಮಳಾ. "ನೀ ಹಾಕ್ಕೊಂಡಿದ್ದು ಇನ್ನೂರಾ ನಲವತ್ತರದು ಅದ. ದೊಡ್ಡ ನಂಬರಿಂದು ಇಟ್ಕೋ. ಇದನ್ನ ನನ್ನ ಕಡಿ ಕಳಸು, ಒಡದು ಸ್ಕ್ರ್ಯಾಪ್ ಮಾಡ್ಕೋತೀನಿ."

ಮೌನಿಕಾ ಕಳಿಸಿಬಿಟ್ಟಳು.

ಭಾನುವಾರ ಮೂರು ಗಂಟೆಗೆ ಇಬ್ಬರೂ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತರು. ಮೊದಲು ಮೌನಿಕಾ ಆಡಿದಳು. ಗುರಿ ಒಂದೂ ತಪ್ಪಲಿಲ್ಲ. ಆದರೆ ಮೂರನೆಯ ಕೋಣೆಯ ಬೆಂಕಿಗೆ ಸಿಕ್ಕು ಸತ್ತಳು. ಆಮೇಲೆ ಪರಿಮಳಾ. ಅವಳು ಅದೇ ಬೆಂಕಿಯೊಳಗೆ ಅಂಗಳದಲ್ಲಿ ನಡೆದಂತೆ ನಡೆದು ಆಚೆ ಬಂದಳು.

"ಅರೆ ಭಾಬಿ, ಆ ವೆಸ್ಟ್ ಎಲ್ಲಿ ಸಿಕ್ತ್ರಿ ನಿಮಗ?" ಸ್ಪೀಕರಿನಲ್ಲಿ ಗುಡ್ಡು ಕೂಗಿದ. "ಬೆಂಕಿ ತಟ್ಟಂಗೇ ಇಲ್ಲಲ್ರಿ! ಆರು ತಿಂಗಳಿಂದ ಹುಡುಕಾಕತ್ತೀನಿ ಅದನ್ನ. ಆತು, ಟೀಮಿನಾಗ ನೀವೇ."

"ಸಿಕ್ತು ನೋಡ್ರಿ, ನಸೀಬು," ಎಂದಳು ಪರಿಮಳಾ.

ಮೌನಿಕಾ ಪಕ್ಕದ ಮೊಬೈಲಿಗೆ ಕಣ್ಣು ಹಾಯಿಸಿದಳು. ಬೂದು ಬಣ್ಣ. ಇನ್ನೂರಾ ಹನ್ನೆರಡು.

ಪರಿಮಳಾ ರೊಟ್ಟಿಗೆಂದು ಎದ್ದು ಹೋದಳು. ಮೌನಿಕಾ ತನ್ನ ಬ್ಯಾಗು ತೆರೆದು, ಪ್ರತಿ ಸಾಮಾನಿನ ಕೆಳಗೆ ಅದರ ಗುಣ ಹೇಳುವ ಸಣ್ಣ ಅಕ್ಷರಗಳನ್ನು ಮೊದಲ ಸಲ ಓದಿದಳು. ಬಿ.ಎ. ಮಾಡಿದವಳು, ಓದಲು ಬಾರದೆ ಬಿಟ್ಟಿರಲಿಲ್ಲ. ಓದಿದರೆ ಅಕ್ಕನ ಮೇಲೆ ಅನುಮಾನಪಟ್ಟಂತೆ ಎಂದು ಬಿಟ್ಟಿದ್ದಳು. ನಲವತ್ತಕ್ಕೂ ನಂಬರು ದೊಡ್ಡದು, ಕೆಳಗೆ ಹೇಳಿಕೊಳ್ಳುವಂಥ ಗುಣ ಒಂದೂ ಇಲ್ಲ. ಆಮೇಲೆ ಕಳಿಸಿದವುಗಳ ಪಟ್ಟಿ ನೋಡಿದಳು. ಬೆಂಕಿ ತಡೆಯುವುದು, ವಿಷ ತಡೆಯುವುದು, ಗುಂಡು ಬೇಗ ತುಂಬುವುದು. ಒಟ್ಟು ಹನ್ನೊಂದು. ಎಲ್ಲವೂ ಅಕ್ಕನಿಗೆ ಹೋಗಿದ್ದವು. ಒಂದಾಗಿದ್ದರೆ ಆಸೆ ಎನ್ನಬಹುದಿತ್ತು. ಹನ್ನೊಂದಕ್ಕೆ ಏನೆನ್ನುವುದು? ಮೋಸ ಎನ್ನಬೇಕು, ಬೇರೆ ಮಾತಿಲ್ಲ.

ನೆಟ್ಟಗೆ ಅಡುಗೆಮನೆಗೆ ಹೋದಳು.

"ಅಕ್ಕಾ, ಆ ವೆಸ್ಟ್ ನಂದೇ ಅಲ್ಲೇನು?"

"ನೀನೇ ಕಳಿಸಿದ್ದಿ," ಎಂದಳು ಪರಿಮಳಾ, ತಲೆ ಎತ್ತದೆ.

"ನೀ ಹೇಳಿದ್ದಕ್ಕ ಕಳಿಸಿದೆ. ನನಗ ಬೇಕು ಅಂತ ಬಾಯಿಬಿಟ್ಟು ಕೇಳಿದ್ರ ಕೊಡ್ತಿದ್ದಿಲ್ಲೇನು ನಾ?"

"ಕೇಳಿದ್ರ ನೀ ಕೊಟ್ಟಾಕಿ ಆಗ್ತಿದ್ದಿ, ನಾ ಇಸ್ಕೊಂಡಾಕಿ ಆಗ್ತಿದ್ದೆ," ಪರಿಮಳಾ ರೊಟ್ಟಿ ತಿರುವಿ ಹಾಕಿದಳು. "ಈ ಮನಿಗಿ ಬಂದು ಹನ್ನೆರಡು ವರ್ಷ ಆತು. ಕಲಿಸಿದಾಕಿ ನಾನು. ಗುಡ್ಡು ನಿನ್ನ ತಗೊಂಡಿದ್ರ, ನಾ ಇಲ್ಲಿ ರೊಟ್ಟಿ ಬಡಕೋತ ನಿನ್ನ ಆಟದ ಸಪ್ಪಳ ಕೇಳಬೇಕಿತ್ತು. ಸೀರಿ ಆರಿಸುವಾಗ ಚಲೋವನ್ನೆಲ್ಲಾ ನಿನಗೇ ಕೊಟ್ಟೀನಿ. ಇದೊಂದು ನನಗ ಬೇಕಿತ್ತು."

"ಒಂದಲ್ಲ ಅಕ್ಕಾ. ಹನ್ನೊಂದು."

ಪರಿಮಳಾಳ ಕೈ ಹಿಟ್ಟಿನ ಮೇಲೆ ನಿಂತಿತು. ಆಮೇಲೆ ಮತ್ತೊಂದು ರೊಟ್ಟಿ ಬಡಿಯತೊಡಗಿದಳು.

ಮೌನಿಕಾ ಹಿತ್ತಲಿಗೆ ಬಂದು ಕಲ್ಲಿನ ಮೇಲೆ ಕೂತಳು. ಅಳು ಉಕ್ಕಿ ಬಂತು. ಯಾರಿಗಾದರೂ ಹೇಳಿಕೊಳ್ಳದೆ ಇಳಿಯುವ ಅಳು ಅದಲ್ಲ. ಗಂಡ ದೇವಿಂದ್ರನಿಗೆ ಹೇಳಿದರೆ, ಮೊಬೈಲಿನೊಳಗಿನ ಅಂಗಿಗೆ ಅಳುತ್ತೀಯಾ ಎಂದು ನಗುತ್ತಾನೆ. ತವರೂರು ಹುಣಸಗಿಯ ಅವ್ವನಿಗೆ ವೆಸ್ಟು ಎಂದರೇನು ಎಂಬಲ್ಲಿಂದ ಶುರು ಮಾಡಬೇಕು. ಈ ಮನೆಗೆ ಬಂದಮೇಲೆ ಯಾರು ಏನು ಅಂದರೂ ಅವಳು ಓಡಿಹೋಗಿ ಹೇಳಿಕೊಂಡು ಅಳುತ್ತಿದ್ದುದು ಒಬ್ಬಳ ಮುಂದೆ ಮಾತ್ರ. ಆ ಒಬ್ಬಳು ಒಳಗೆ ರೊಟ್ಟಿ ಬಡಿಯುತ್ತಿದ್ದಳು.