ಉಚಿತವಲ್ಲ

ಅಕ್ಕನ ರವಿಕೆಯ ತೋಳಿಗೆ ಕೊನೆಯ ಹೊಲಿಗೆ ಹಾಕಿ ತಂಗಿ ದಾರವನ್ನು ಹಲ್ಲಿನಿಂದ ಕಡಿದಳು. ಕಾಯಿಲೆಯಲ್ಲಿ ಮೈ ಇಳಿದು ತೋಳು ಜೋಲುತ್ತಿತ್ತು. ಊರವರ ಬಟ್ಟೆಗೆಲ್ಲ ಇಸ್ತ್ರಿ ಹಾಕಿ ಬದುಕಿದವಳು ಅಳತೆ ತಪ್ಪಿದ ಬಟ್ಟೆಯಲ್ಲಿ ಮಸಣಕ್ಕೆ ಹೋಗುವುದು ಟೈಲರ್ ತಂಗಿಗೆ ಸರಿಬರಲಿಲ್ಲ.

"ಬಡಾವಣೆ ಸಮಿತಿ ಅಧ್ಯಕ್ಷರು ಬಂದಿದಾರೆ. ಎರಡು ಮಾತಾಡ್ತಾರಂತೆ," ಎಂದ ಭಾವ, ಬಾಗಿಲಲ್ಲೇ ನಿಂತು.

"ಬದುಕಿದ್ದಾಗ ಆಡಿದ್ದು ಸಾಲ್ದಂತಾ?"

"ಇವತ್ತೊಂದಿನ ಬಾಯಿ ಬಿಗಿ ಹಿಡಿ. ನಿನ್ನ ಕಾಲಿಗೆ ಬೀಳ್ತೀನಿ."

ಹಿಡಿದಳು. ಆದರೆ ಅಂಗಳದಲ್ಲಿ ಗುಂಪುಗಟ್ಟಿ ನಿಂತಿದ್ದ ಬಡಾವಣೆಯ ಹುಡುಗ ಹುಡುಗಿಯರನ್ನು ಕಿಟಕಿಯಿಂದ ಕಂಡದ್ದೇ ತಡ, ಸೂಜಿಯನ್ನು ದಾರದುಂಡೆಗೆ ಚುಚ್ಚಿ ಎದ್ದಳು. ಈಗ ಬಂದಿದಾರೆ, ಕೈಯಲ್ಲಿ ಹೂವು ಹಿಡ್ಕೊಂಡು.

*

ಬಡಾವಣೆಯ ಸಭಾಂಗಣದಲ್ಲಿ ಅಕ್ಕ ಶನಿವಾರ ಸಂಜೆ ನಡೆಸುತ್ತಿದ್ದುದಕ್ಕೆ ಒಂದು ಹೆಸರೂ ಇರಲಿಲ್ಲ. ಒಂದು ವಾರ ಸಿನಿಮಾ, ಒಂದು ವಾರ ಕುಣಿತ, ಇನ್ನೊಂದು ವಾರ ಸೈಕಲ್ ರಿಪೇರಿ ಕಲಿಯುವುದು. ಯಾರೂ ಏನೂ ಕೊಡಬೇಕಿರಲಿಲ್ಲ. ಹೋಗಲು ಜಾಗವಿಲ್ಲದೆ ಬಸ್ ನಿಲ್ದಾಣದ ಗೋಡೆಗೆ ಒರಗಿ ಕಾಲ ತಳ್ಳುತ್ತಿದ್ದ ಮಕ್ಕಳು ಅವಳನ್ನು 'ಶನಿವಾರದ ಆಂಟಿ' ಎಂದು ಕರೆದರು.

ಹುಡುಗ ಹುಡುಗಿಯರು ಒಟ್ಟಿಗೆ ಕುಣಿಯುವುದು ಅಧ್ಯಕ್ಷರ ಕಣ್ಣಿಗೆ ಚುಚ್ಚಿತು. ನಿವೃತ್ತ ಹೆಡ್‌ಮಾಸ್ಟರ್ ಅವರು. ತರಕಾರಿಯವನ ಹತ್ತಿರವೂ ಪುಸ್ತಕದ ಮಾತೇ. ಸಭಾಂಗಣದ ಬಾಗಿಲಿಗೆ ಬೋರ್ಡ್ ಹೊಡೆಸಿದರು: 'ಇಲ್ಲಿ ನಡೆಯುವ ಶನಿವಾರದ ಕಾರ್ಯಕ್ರಮಗಳು ಉಚಿತವಲ್ಲ.'

"ಏನು ಅನುಚಿತ ಕಂಡ್ರಿ ಸ್ವಾಮಿ, ಅದ್ರಲ್ಲಿ?" ಎಂದು ಅಕ್ಕ ಅವರ ಮನೆಗೇ ಹೋಗಿ ಜಗಳ ಕಾದಳು. ಕೊನೆಗೆ ಅವರೇ ಸೋತವರಂತೆ, "ಆಯ್ತಮ್ಮ, ನಡೆಸಿಕೊಳ್ಳಿ. ಬೋರ್ಡ್ ಮಾತ್ರ ಇರಲಿ. ಅದು ಸಮಿತಿಯ ಅಭಿಪ್ರಾಯ," ಎಂದರು. ಗೆದ್ದೆನೆಂದು ಅಕ್ಕ ನಗುತ್ತ ಬಂದಳು.

ಆ ಶನಿವಾರ ಒಂದು ನರಪಿಳ್ಳೆಯೂ ಬರಲಿಲ್ಲ. ಮುಂದಿನ ಶನಿವಾರವೂ ಇಲ್ಲ.

"ಪರೀಕ್ಷೆ ಇರ್ಬೇಕು ಕಣೆ," ಎನ್ನುತ್ತ, ಹಾಕಿದ ಕುರ್ಚಿಗಳನ್ನು ಮತ್ತೆ ಒಂದರ ಮೇಲೊಂದು ಪೇರಿಸಿದಳು. ಪರೀಕ್ಷೆಗಳು ಮುಗಿದವು. ಹಾಸಿಗೆ ಹಿಡಿದ ಮೇಲೆ ಒಮ್ಮೆ, ಗೋಡೆಯ ಕಡೆ ಹೊರಳಿ, "ಅವರಿಗೆ ನಾನು ಸಾಕಾದೆ," ಎಂದಳು. ಮತ್ತೆ ಆ ಮಾತು ಎತ್ತಲಿಲ್ಲ.

*

"ಈಗ ದಾರಿ ಗೊತ್ತಾಯ್ತಾ ನಿಮಗೆ?" ತಂಗಿ ಅಂಗಳಕ್ಕಿಳಿದು ಕೇಳಿದಳು. "ಅವಳೇನು ಅನ್ಯಾಯ ಮಾಡಿದ್ಲು?"

ಸಲೂನಿನಲ್ಲಿ ಕೆಲಸ ಮಾಡುವ ಹುಡುಗಿ ತಲೆ ತಗ್ಗಿಸಿದಳು. "ಫೀಸ್ ಇಟ್ಬಿಟ್ರಲ್ಲ, ಟೈಲರ್ ಆಂಟಿ. ನಮ್ಮನ್ನ ಬಿಟ್ಟಿ ಸೇರಿಸ್ಕೊಳ್ಳಿ ಅಂತ ಯಾವ ಮುಖ ಇಟ್ಕೊಂಡು ಕೇಳೋದು?"

"ಯಾವ ಫೀಸೇ?"

"ಬೋರ್ಡಲ್ಲೇ ಇತ್ತಲ್ಲ. ಉಚಿತ ಅಲ್ಲ ಅಂತ."

ತಂಗಿ ಅವಳನ್ನೇ ನೋಡಿದಳು. ಅಕ್ಕ ಅದನ್ನು 'ಯೋಗ್ಯವಲ್ಲ' ಎಂದು ಓದಿಕೊಂಡು ಜಗಳಕ್ಕೆ ಹೋಗಿದ್ದಳು. ಇವರು 'ಪುಕ್ಕಟೆಯಲ್ಲ' ಎಂದು ಓದಿಕೊಂಡು ಮನೆಗೆ ಹೋಗಿದ್ದರು.

"ಯಾರನ್ನಾದ್ರೂ ಕೇಳೋಕೆ ಏನಾಗಿತ್ತು ರೋಗ?"

"ಹೆಡ್‌ಮಾಸ್ಟರ್ ಸಾರನ್ನೇ ಕೇಳಿದ್ವಿ, ಎಷ್ಟು ಕೊಡ್ಬೇಕು ಅಂತ. 'ಬೋರ್ಡ್ ನೋಡಿ, ಓದೋಕೆ ಬರುತ್ತಲ್ಲ' ಅಂದ್ರು."

ಅಕ್ಕನನ್ನು ಶವದ ಗಾಡಿಯಲ್ಲಿ ಮಲಗಿಸಿದರು. ಅಧ್ಯಕ್ಷರು ಪಕ್ಕದಲ್ಲಿ ನಿಂತು ಗಂಟಲು ಸರಿಮಾಡಿಕೊಂಡರು. "ನಮ್ಮ ಯುವಜನರ ಆಶಾಕಿರಣವಾಗಿದ್ದ..."

"ಅದು ಬಿಡಿ." ತಂಗಿ ಗಾಡಿಯ ಮುಂದೆ ಹೋಗಿ ನಿಂತಳು. "ಅವಳು ಯಾರ ಹತ್ರಾನೂ ಕಾಸು ಕೇಳ್ಲಿಲ್ಲ ಅನ್ನಿ. ಬೋರ್ಡ್ ನಂದು ಅನ್ನಿ. ಈ ಮಕ್ಕಳು ತಪ್ಪು ತಿಳ್ಕೊಂಡಿದ್ದು ಗೊತ್ತಿದ್ದೂ ಸುಮ್ನಿದ್ದೆ ಅನ್ನಿ. ಆಮೇಲೆ ಹೊರಡೋಣ."

"ಶಬ್ದಕ್ಕೆ ಎರಡು ಅರ್ಥ ಇರೋದು ನನ್ನ ತಪ್ಪೇನಮ್ಮ?"

"ಒಂದನ್ನ ಅವಳಿಗೆ ಕೊಟ್ರಿ. ಇನ್ನೊಂದನ್ನ ಇವರಿಗೆ ಕೊಟ್ರಿ. ಇಬ್ಬರಿಗೂ ಎರಡನ್ನೂ ಕೊಡೋಕೆ ನಿಮ್ಮ ಗಂಟೇನು ಹೋಗ್ತಿತ್ತು?"

"ಹೊತ್ತಾಗ್ತಾ ಇದೆ," ಎಂದರು ಅಧ್ಯಕ್ಷರು ಭಾವನ ಕಡೆ ತಿರುಗಿ. "ಸ್ವಲ್ಪ ಹೇಳಿ ಇವರಿಗೆ."

ಭಾವ ನಿಧಾನವಾಗಿ ನಡೆದು ಬಂದು ನಾದಿನಿಯ ಪಕ್ಕದಲ್ಲಿ ನಿಂತ.

ಅಧ್ಯಕ್ಷರು ನೆಲ ನೋಡುತ್ತ ಏನೋ ಗೊಣಗಿದರು.

"ಹಿಂದಿರೋರಿಗೆ ಕೇಳಿಸ್ತಿಲ್ಲ ಸಾರ್," ಎಂದಳು ಸಲೂನಿನ ಹುಡುಗಿ.

"ಗಾಡಿ ತೆಗಿಯಪ್ಪ ನೀನು," ಎಂದು ಅವರು ಚಾಲಕನಿಗೆ ಕೈ ಬೀಸಿದರು.

ಚಾಲಕ ಇಂಜಿನ್ ಆರಿಸಿದ. ಬೀಗದ ಕೈ ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡು ಕೆಳಗಿಳಿದ. ಗಾಡಿಯ ಬಾನೆಟ್ಟಿಗೆ ಒರಗಿ, ಎರಡೂ ಕೈ ಕಟ್ಟಿ, ಅಧ್ಯಕ್ಷರ ಬಾಯನ್ನೇ ನೋಡುತ್ತ ನಿಂತ.