ಅಂದ್ರೆ ಅಕ್ಕ

ಯಾರು ಏನೇ ಹೇಳಲಿ, ಅವರ ಬಾಯಿಂದ ಮೊದಲು ಹೊರಡುತ್ತಿದ್ದ ಮಾತು ‘ಅಂದ್ರೆ?’. ನಮಸ್ಕಾರ ಎಂದರೂ ತಲೆ ಓರೆ ಮಾಡಿ, ಇದರ ಹಿಂದೆ ಇನ್ನೇನಿದೆಯೋ ಎಂಬಂತೆ ನೋಡುತ್ತಿದ್ದರು. ನಮ್ಮ ಭಾಷಾಂತರ ವಿಭಾಗದಲ್ಲಿ ಅವರು ಎದುರಿಗೆ ಮೇಡಂ, ಬೆನ್ನ ಹಿಂದೆ ‘ಅಂದ್ರೆ ಅಕ್ಕ’. ಮೊಣಕೈ ಸವೆದ ಕಂದು ಕೋಟು, ಕಿವಿಯ ಮೇಲೊಂದು ಪೆನ್ಸಿಲು, ಗೋಡೆಗೆ ಭುಜ ತಾಗಿಸಿಕೊಂಡೇ ಸಾಗುವ ನಡಿಗೆ. ಸರ್ಕಾರದ ಇಂಗ್ಲಿಷ್ ಆದೇಶಗಳನ್ನು ಜನರ ಮಾತಿಗೆ ಇಳಿಸುವುದು ಅವರ ಉದ್ಯೋಗ. ಇಳಿಸಿದ್ದನ್ನು ಪಾಲಿಸಬೇಕಾದವರಲ್ಲಿ ಒಬ್ಬರಿಗಾದರೂ ಓದಿ ಹೇಳದೆ ಸಹಿ ಹಾಕದಿರುವುದು ಅವರ ಹಟ. ನಲ್ಲಿ ನೀರಿನ ಆದೇಶಕ್ಕಾಗಿ ಎದುರು ಮನೆಯ ಸೊಸೆಯನ್ನು ಒಲೆಯ ಮುಂದಿನಿಂದ ಎಬ್ಬಿಸಿ ತಂದು ಅವಳ ತಲೆ ತಿಂದದ್ದೂ ಉಂಟು.

ಕಾಲುಬಾಯಿ ರೋಗ ಹಬ್ಬಿದ ವರ್ಷ ಒಂದು ಆದೇಶ ಬಂತು. ರೋಗ ಕಂಡ ಪ್ರದೇಶದ ರಸ್ತೆಗಳನ್ನು ಮರುದಿನ ಮುಚ್ಚಿ, ಅಲ್ಲಿನ ಲೈವ್‌ಸ್ಟಾಕನ್ನೆಲ್ಲ ಕೊಲ್ಲತಕ್ಕದ್ದು.

“ಜಾನುವಾರು ಅಂತ ಹಾಕಿ ಕಳಿಸಿಬಿಡಿ ಮೇಡಂ, ಪ್ರೆಸ್ಸಿನವನು ಕಾಯ್ತಿದ್ದಾನೆ,” ಎಂದರು ವಿಭಾಗದ ಸಾಹೇಬರು.

“ಅಂದ್ರೆ?”

ಸಾಹೇಬರು ಹಣೆ ಒತ್ತಿಕೊಂಡು ಹೊರಟುಹೋದರು. ಇಂಗ್ಲಿಷಿನವರು ಕೊಟ್ಟಿಗೆ, ದೊಡ್ಡಿಯ ಪ್ರಾಣಿಗಳನ್ನೆಲ್ಲ ಲೈವ್‌ಸ್ಟಾಕ್ ಎಂಬ ಒಂದೇ ಪದದೊಳಗೆ ಕೂಡಿಹಾಕಿ ಅಗಳಿ ಹಾಕಿಕೊಂಡಿದ್ದಾರೆ. ಕೋಳಿ ಮಾತ್ರ ಒಮ್ಮೊಮ್ಮೆ ಒಳಗೆ, ಒಮ್ಮೊಮ್ಮೆ ಹೊರಗೆ. ನಮ್ಮ ಜನಕ್ಕೋ, ಜಾನುವಾರು ಎಂದರೆ ದನ, ಎಮ್ಮೆ. ಹಾಗೆ ಬರೆದರೆ ಮೇಕೆ ಸಾಕಿದವನು ಇದು ತನಗೆ ಹೇಳಿದ್ದಲ್ಲವೆಂದು ಸುಮ್ಮನಿರುತ್ತಿದ್ದ.

ಆ ಪ್ರದೇಶದಲ್ಲಿ ಮೇಕೆ ಸಾಕಿದವನೊಬ್ಬ ಆಗ ಅವರ ಎದುರಿನ ಕುರ್ಚಿಯಲ್ಲೇ ಕೂತಿದ್ದ. ಸ್ವಂತ ತಮ್ಮ, ತಾಯಿ ತೀರಿಕೊಂಡ ಮೇಲೆ ಇವರೇ ಸೊಂಟದ ಮೇಲೆ ಹೊತ್ತು ಬೆಳೆಸಿದವನು. ಸುದ್ದಿ ಹೇಗೋ ಕಿವಿಗೆ ಬಿದ್ದು ಓಡಿಬಂದಿದ್ದ. ಮಾಡಿದ ಕೆಲಸಗಳೆಲ್ಲ ಕೈಕೊಟ್ಟ ಮೇಲೆ ಅವನ ಕೈಹಿಡಿದದ್ದು ಆ ಹಿಂಡೊಂದೇ.

“ಅಕ್ಕ, ಜಾನುವಾರು ಅನ್ನೋದು ಎಲ್ರೂ ಬರೆಯೋ ಪದಾನೇ ಅಲ್ವಾ? ನೀನೇನೂ ಸುಳ್ಳು ಬರೀತಿಲ್ಲ. ನನ್ನ ಮೇಕೆ ಚೆನ್ನಾಗೇ ಮೇಯ್ತಿವೆ.”

ಅವನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ, ಅದೇ ಅವರನ್ನು ಹಿಂಡುತ್ತಿತ್ತು. ಪಶುವೈದ್ಯರಿಗೆ ಫೋನು ಮಾಡಿದರು.

“ಮೇಕೆ ವಿಷಯ ಕೇಳಲೇಬೇಡಿ ಮೇಡಂ,” ಎಂದರು ವೈದ್ಯರು. “ರೋಗ ಇದ್ರೂ ಮೇಲೆ ಕಾಣಿಸೋದು ಕಡಿಮೆ, ಹರಡೋದು ಮಾತ್ರ ಹರಡುತ್ತೆ. ಸೀಳು ಗೊರಸಿನದೆಲ್ಲ ಆದೇಶಕ್ಕೆ ಸೇರುತ್ತೆ. ಕುದುರೆ, ಕೋಳಿ ಬೇಡ.”

ಫೋನು ಇಟ್ಟ ಮೇಲೂ ಅವರ ಕೈ ಅದರ ಮೇಲೇ ಇತ್ತು. ಸಾಹೇಬರು ಎರಡು ಸಲ ಬಾಗಿಲಲ್ಲಿ ಇಣುಕಿದರು. ಪಕ್ಕದ ಮೇಜಿನಲ್ಲಿದ್ದ ನಾನು, ದೇವರೇ, ಜಾನುವಾರು ಎಂದೇ ಬರೆಯಲಿ ಎಂದು ಹಾರೈಸುತ್ತಿದ್ದೆ. ಅವರು ಬರೆದರು. ಬರೆದದ್ದನ್ನು ತಮ್ಮನಿಗೇ ಓದಿ ಹೇಳಿದರು: “ದನ, ಎಮ್ಮೆ, ಕುರಿ, ಮೇಕೆ, ಹಂದಿ. ಕುದುರೆ ಮತ್ತು ಕೋಳಿಗಳನ್ನು ಮುಟ್ಟತಕ್ಕದ್ದಲ್ಲ.” ಎಲ್ಲಿಯೂ ದನಿ ತಗ್ಗಿಸಲಿಲ್ಲ.

“ಅರ್ಥ ಆಯ್ತೇನೋ?”

“ಆಯ್ತು ಮೇಡಂ,” ಎಂದು ಅವನು ಎದ್ದುಹೋದ.

ಮರುದಿನ ರಸ್ತೆ ಮುಚ್ಚುವ ಮೊದಲೇ ಅವರು ಅಲ್ಲಿಗೆ ಹೋದರು. ಒಬ್ಬರನ್ನೇ ಬಿಡಲು ಮನಸ್ಸಾಗದೆ ನಾನೂ ಹೋದೆ. ತಮ್ಮನಾದವನು ಮನೆಯ ಬಾಗಿಲು ತೆರೆಯಲಿಲ್ಲ. ವೈದ್ಯರು ಸೂಜಿ ಚುಚ್ಚುವಾಗ ಒಂದೊಂದು ಮೇಕೆಯ ಕೊರಳನ್ನೂ ತಬ್ಬಿ ಹಿಡಿದು ಕೂತವರು ಇವರೇ. ಕೊನೆಯದು ಮರಿ, ಅದು ಅವರ ಕೋಟಿನ ಗುಂಡಿಯನ್ನು ಚೀಪುತ್ತಲೇ ಇತ್ತು.

ಇಂಥವರು ನಾಡಿಗೆ ಬೇಕು, ಮನೆಗೆ ಬೇಡ ಎಂದು ಆಮೇಲೆ ಕಚೇರಿಯಲ್ಲಿ ಆಡಿಕೊಂಡರು. ಇರಬಹುದು. ಎಲ್ಲರೂ ಬಳಸುವ ಪದವೊಂದರ ಮರೆಯಲ್ಲಿ ನಿಂತು ನಮ್ಮವರನ್ನು ಉಳಿಸಿಕೊಳ್ಳುವ ವಿದ್ಯೆ ನಮ್ಮೆಲ್ಲರಿಗೂ ಕರಗತ. ಅದು ಬಾರದ ಈ ಕೆಲವರ ಸಹಿಯನ್ನು ನಂಬಿ ಕಂಡರಿಯದ ಜನ ನಿಶ್ಚಿಂತೆಯಿಂದ ಮಲಗುತ್ತಾರೆ, ಒಡಹುಟ್ಟಿದವರು ಬಾಗಿಲು ಹಾಕಿಕೊಳ್ಳುತ್ತಾರೆ. ಹಾಕಿಕೊಂಡ ಬಾಗಿಲಿನ ಹೊರಗೆ ಆ ಸಹಿ ಹಾಕಿದವರು ಎಷ್ಟು ಹೊತ್ತು ನಿಂತಿರುತ್ತಾರೆಂಬುದು ಆದೇಶ ಓದಿದ ಯಾರಿಗೂ ತಿಳಿಯುವುದಿಲ್ಲ.